ಸರಿಯಿದ್ದ ಪದ

'ಮಧ್ಯಾಹ್ನ' ಎಂಬ ಪದದ ಸುತ್ತ ಕೆಂಪು ಶಾಯಿ ಕಂಡದ್ದೇ ತಡ, ಅಚ್ಚುಕೂಟದಲ್ಲಿ ಪುಟ ಟೈಪು ಮಾಡುವವನಿಗೆ ಮೈಯೆಲ್ಲ ಉರಿದುಹೋಯಿತು. ಪದ ಸರಿಯಾಗಿಯೇ ಇತ್ತು. ಬೆಳಗಿನಿಂದ ಪ್ರೂಫ್ ನೋಡುವ ಅಕ್ಕ ಅವನನ್ನು ಮತ್ತೆ ಮತ್ತೆ ಕರೆದು, ಕೋಣೆಯ ಆ ತುದಿಯಲ್ಲಿದ್ದ ತನ್ನ ಮೇಜಿನವರೆಗೆ ನಡೆಸಿ, ಒಂದೊಂದೇ ತಪ್ಪು ತೋರಿಸಿ ಕಳಿಸುತ್ತಿದ್ದಳು. ರಜೆ ಮುಗಿಸಿ ಬಂದ ಮೇಲಂತೂ ಅವಳ ಧಿಮಾಕು ಹೆಚ್ಚಿತ್ತು. ತಾನು ಮಾತ್ರ ಕುರ್ಚಿ ಬಿಟ್ಟು ಏಳುತ್ತಲೇ ಇರಲಿಲ್ಲ.

"ಏನಕ್ಕಾ, ನನ್ನನ್ನ ಆಟ ಆಡಿಸ್ತಿದೀರಾ? ಇದ್ರಲ್ಲಿ ತಪ್ಪೆಲ್ಲಿದೆ?"

"ಇಲ್ಲ," ಎಂದಳು ಅಕ್ಕ, ತಲೆಯೆತ್ತದೆ. "ಈ ಪುಟದಲ್ಲಿ ಎಷ್ಟು ಹುಡುಕಿದ್ರೂ ಒಂದೂ ಸಿಗಲಿಲ್ಲ. ನಿಂಗೆ ಶುಗರ್ ಇಳೀತಾನೇ ಇಲ್ಲ ಅಂತ ನಿನ್ನ ಹೆಂಡ್ತಿ ಫೋನಲ್ಲಿ ಅತ್ತಳು. ನೀನೋ, ಕೂತ್ರೆ ಕಲ್ಲು. ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಿದ್ರೆ ಹತೋಟಿಗೆ ಬರುತ್ತಂತೆ."

"ಅದನ್ನ ಬಾಯಿಬಿಟ್ಟು ಹೇಳಬಹುದಿತ್ತಲ್ಲ?"

"ನಂಗೂ ಡಾಕ್ಟ್ರು ಬಾಯಿಬಿಟ್ಟೇ ಹೇಳಿದ್ರು. ಇದೊಂದು ಪುಟ ಮುಗೀಲಿ, ಇದೊಂದು ಪುಟ ಮುಗೀಲಿ ಅಂತಿದ್ದೆ."

ಅವಳು ಮೇಜಿನಡಿಯಿಂದ ಬಲಗಾಲನ್ನು ಮೆಲ್ಲಗೆ ಈಚೆ ಚಾಚಿದಳು. ಚಪ್ಪಲಿಯ ಉಂಗುಷ್ಟದಲ್ಲಿ ಹೆಬ್ಬೆರಳು ಇರಲಿಲ್ಲ.