ಬೆನ್ನ ಮೇಲಿನ ಸರಪಣಿ

"ಯಾರೂ ಇಳೀಬೇಡಿ, ಅದು ಕೊಳಕುಮಂಡಲ, ಭಾರಿ ವಿಷ," ಎಂದು ಸುರೇಂದ್ರ ಜೀಪು ನಿಲ್ಲಿಸಿದ. ಹಾನುಬಾಳಿನ ಆಚೆ ತೋಟದ ದಾರಿಗೆ ಅಡ್ಡವಾಗಿ ದಪ್ಪನೆಯ ಹಾವೊಂದು ಬಿಸಿಲು ಕಾಯುತ್ತಿತ್ತು. ಸಫಾರಿಗೆ ಬಂದವರ ಫೋನುಗಳೆಲ್ಲ ಮೇಲೆದ್ದವು. ಅವರಿಗೆ ಕಾಫಿ ಕೊಡಲೆಂದು ಹಿಂದೆ ಕೂತಿದ್ದ ಕೂಲಿಯಾಳು ಈರಮ್ಮ ಹಾವನ್ನು ಬಿಟ್ಟು ಸುರೇಂದ್ರನ ಕತ್ತನ್ನೇ ನೋಡುತ್ತಿದ್ದಳು. ಈಗ ಸಫಾರಿ ಜೀಪು ಓಡಿಸುವ ಅವನು ಹೋದ ವರ್ಷದವರೆಗೆ ಇದೇ ತೋಟದ ರೈಟರ್; ಆಳುಗಳ ಲೆಕ್ಕ, ತೋಟದ ಜೀಪು ಎಲ್ಲ ಅವನ ಕೈಯಲ್ಲೇ ಇತ್ತು.

"ಹೆಬ್ಬಾವಿನ ಮರಿ ಥರ ಇದೆಯಲ್ಲ?" ಎಂದು ಅವನ ಪಕ್ಕದ ಸೀಟಿನಲ್ಲಿದ್ದ ಹೆಂಗಸು ಕೇಳಿದಳು.

ಸುರೇಂದ್ರ ನಕ್ಕ. "ಗೊತ್ತಿಲ್ಲದೋರು ಹಂಗಂತಾರೆ ಮೇಡಂ. ಬೆನ್ನ ಮೇಲೆ ನೋಡಿ, ಸರಪಣಿ ಥರ ಸಾಲಾಗಿ ಉಂಗುರ ಐತೆ. ಹೆಬ್ಬಾವಿಗೆ ಅಡ್ಡಾದಿಡ್ಡಿ ಮಚ್ಚೆ. ಚಿಕ್ಕ ವಯಸ್ಸಿಂದ ನೋಡ್ತಾ ಇದ್ದೀನಿ, ಒಂದು ಸಲಾನೂ ತಪ್ಪಿಲ್ಲ."

ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ಈರಮ್ಮನ ಕೈ ಅಲ್ಲೇ ನಿಂತಿತು.

"ಹೋದ ಕೊಯ್ಲಲ್ಲಿ ನನ್ ಗಂಡನಿಗೆ ಕಚ್ಚಿದ ಹಾವನ್ನ ನಾನೇ ಹೊಡ್ದು, ಕೋಲಿಗೆ ನೇತಾಕ್ಕೊಂಡು ಬಂದು ಸ್ಟೋರ್ ಮುಂದೆ ನಿಮ್ ಕಾಲತ್ರ ಹಾಕಿದ್ನಲ್ಲ ರೈಟ್ರೇ," ಎಂದಳು. ದನಿ ಏರಿರಲಿಲ್ಲ. "ಕಾಲಲ್ಲೇ ತಿರುವಿ ನೋಡಿದ್ರಿ. ಹೆಬ್ಬಾವಿನ ಮರಿ, ಅರಿಶಿನ ಹಚ್ಚಿ ಮಲಗ್ಸು, ಕಾಫಿ ಮೂಟೆ ಹೇರ್ಬೇಕು, ಜೀಪ್ ಕೊಡಕಾಗಲ್ಲ ಅಂದ್ರಿ. ಬೆಳಗಾಗೋದ್ರೊಳಗೆ ಅವ್ರು ಹೋಗ್ಬುಟ್ರು. ಇದೇ ಸರಪಣಿ ಇತ್ತು ಅದಕ್ಕೂ."

ಸುರೇಂದ್ರ ತಿರುಗಲಿಲ್ಲ. "ಬಾಯಿ ಮುಚ್ಕೊಂಡು ಕಾಫಿ ಕೊಡು," ಎಂದ.

ಹೆಬ್ಬಾವೇ ಎಂದು ಕೇಳಿದ್ದ ಹೆಂಗಸು ಫೋನನ್ನು ಹಾವಿನ ಮೇಲಿಂದ ಸರಿಸಿ ಅವನ ಮುಖಕ್ಕೆ ಹಿಡಿದಳು.