ಗಿಲಕಿ ಡಬ್ಬಿಯ ಅಕ್ಷರ

ಕರಿಬಸಪ್ಪನ ಕಾರ್ಖಾನೆಯ ಗಿಲಕಿಯನ್ನು ಕಚ್ಚದೆ ಮೂರು ಲೋಕದಲ್ಲಿ ಒಂದು ಮಗುವಿಗೂ ಹಲ್ಲು ಮೂಡಿದ್ದಿಲ್ಲ. ಅಂಥವನ ಬಾಗಿಲಿಗೆ ಆಟಿಕೆ ತಪಾಸಣೆಯ ಅಧಿಕಾರಿಯೊಬ್ಬಳು ಪ್ರಯೋಗಾಲಯದ ವರದಿಯನ್ನೂ ನೋಟಿಸನ್ನೂ ಹಿಡಿದು ಬಂದು ನಿಂತಳು.

“ನಿಮ್ಮ ಕೆಂಪು ಬಣ್ಣದಲ್ಲಿ ಸೀಸ ಇದೆ ಯಜಮಾನ್ರೇ. ಕೂಸುಗಳು ಅದನ್ನೇ ಚೀಪ್ತಾವೆ. ಇನ್ನು ಈ ಮಾಲು ಮಾರೋ ಹಾಗಿಲ್ಲ.”

“ಚೀಪ್ಲಿ ಬಿಡಮ್ಮ. ನಮ್ಮಪ್ಪನ ಕಾಲದಿಂದ ಅದೇ ಬಣ್ಣ. ಯಾವ ಕೂಸು ಬಂದು ನಿನ್ನತ್ರ ದೂರು ಹೇಳ್ತು?”

ಆಕೆ ಬಿಟ್ಟ ಉಸಿರಿನ ಬಿಸಿಗೆ ಗೋದಾಮಿನ ಅರ್ಧ ಮಾಲು ಕರಗಬೇಕಿತ್ತು. “ಸಾಲದ್ದಕ್ಕೆ ಡಬ್ಬಿ ಮೇಲೆ ವಿಷಮುಕ್ತ ಅಂತ ಸುಳ್ಳು ಬೇರೆ.”

ಈ ಮಾತಿಗೇ ಹನ್ನೆರಡು ವರ್ಷದಿಂದ ಕಾದು ಕುಳಿತಿದ್ದ ಕರಿಬಸಪ್ಪ ಭೂಮಿ ಅದುರುವಂತೆ ನಕ್ಕು, ಡಬ್ಬಿಯನ್ನು ಆಕೆಯ ಮೂಗಿನ ಹತ್ತಿರ ಹಿಡಿದ.

“ಕನ್ನಡ ಓದೋಕೆ ಬರುತ್ತೇನಮ್ಮ? ಅದು ‘ಮು’ ಅಲ್ಲ, ‘ಯು’. ವಿಷಯುಕ್ತ. ನಾನೇ ಎದುರಿಗೆ ನಿಂತು ಅಚ್ಚು ಹಾಕಿಸಿದ್ದು. ಎಲ್ಲಿದೆ ಸುಳ್ಳು?”

ಆಕೆ ಕನ್ನಡಕ ಒರೆಸಿಕೊಂಡು ಒಂದೊಂದೇ ಅಕ್ಷರ ಓದಿದಳು. ಆಮೇಲೆ ಕೈಯಲ್ಲಿದ್ದ ನೋಟಿಸನ್ನು ಹರಿದಳು.

“ಗೊತ್ತಿಲ್ಲದೆ ಆದ ತಪ್ಪು ಅಂತ ಬರೀ ಎಚ್ಚರಿಕೆ ಬರೆದಿದ್ದೆ. ಗೊತ್ತಿದ್ದೇ ಮಾಡಿದ್ದು ಅಂತ ನೀವೇ ಅಚ್ಚು ಹಾಕ್ಸಿದೀರಲ್ಲ. ಚಪ್ಪಲಿ ಹಾಕ್ಕೊಳ್ಳಿ, ಸ್ಟೇಷನ್ನಿಗೆ ಹೋಗೋಣ.”