ಕೆನ್ನೆಯಾಚೆಯ ಅಕ್ಷರ

ವರ್ಷದ ಪೊರೆ ಬಿಟ್ಟಾಗಿತ್ತು. ನನ್ನದನ್ನೂ ಚಿಕ್ಕಮ್ಮನದನ್ನೂ ತೊಳೆದು ತಾರಸಿಯ ಹಗ್ಗಕ್ಕೆ ಹಾಕುತ್ತಿದ್ದೆ. ಓಣಿಯ ಎಲ್ಲ ತಾರಸಿಗಳ ಮೇಲೂ ಜನರ ಹಳೇ ಚರ್ಮ ಗಾಳಿಗೆ ಪಟಪಟ ಅನ್ನುತ್ತಿತ್ತು.

ಚಿಕ್ಕಮ್ಮ ನನ್ನ ಮುಲಾಮಿನ ಟ್ಯೂಬ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದಳು.

"ಭಾನುವಾರ ಗಂಡಿನ ಕಡೆಯವರು ಬರ್ತಾರೆ ಕಣೇ ವನಜಾ. ಹೊಸ ಚರ್ಮ, ಈಗಲೇ ಮುಖಕ್ಕೆ ಹಚ್ಚು. ನಾನು ಅಂಗಡಿಯಿಂದ ಇದನ್ನೇ ತಂದು ವರ್ಷವಿಡೀ ಹಚ್ಚಿದೀನಿ. ಎಷ್ಟು ಬೆಳ್ಳಗಾಗಿದೀನಿ ನೋಡು!"

"ಅದು ನನ್ನ ಇಸುಬಿಗೆ ಕೊಟ್ಟ ಸ್ಟೀರಾಯ್ಡ್, ಚಿಕ್ಕಮ್ಮ. ಡಾಕ್ಟರು ಮೊಣಕೈಗೆ ಅಂದಿದಾರೆ, ಮೊಣಕೈಗೇ ಹಚ್ತೀನಿ. ತೆಳ್ಳಗೆ, ಅವರು ಹೇಳಿದಷ್ಟೇ ದಿನ."

"ಮೈ ಒಂದೇ ತಾನೆ? ಮೊಣಕೈ ಆದ್ರೇನು, ಕೆನ್ನೆ ಆದ್ರೇನು?"

ನನಗೆ ರೇಗಿತು. ನನ್ನ ಪೊರೆಯ ಮೊಣಕೈಯನ್ನು ಬಿಸಿಲಿಗೆ ಹಿಡಿದು ತೋರಿಸಿದೆ. ಅಲ್ಲಿ ಕಲೆಯಿತ್ತು, ಆದರೆ ಚರ್ಮ ಗಟ್ಟಿಯಾಗಿತ್ತು. ಆಮೇಲೆ ಅವಳ ಪೊರೆಯ ಕೆನ್ನೆಯನ್ನು ಹಿಡಿದೆ.

"ಓದು ನೋಡೋಣ."

ಎದುರು ಗೋಡೆಯ ಸಿಮೆಂಟ್ ಜಾಹೀರಾತಿನ ಒಂದೊಂದು ಅಕ್ಷರವೂ ತೆಳ್ಳಗಾದ ಆ ಕೆನ್ನೆಯ ಮೂಲಕ ಕಾಣುತ್ತಿತ್ತು.

ಚಿಕ್ಕಮ್ಮನ ಕೈ ಮೆಲ್ಲಗೆ ತನ್ನ ಹೊಸ ಕೆನ್ನೆಗೆ ಹೋಯಿತು.

"ಹಾಗಾದ್ರೆ ಇವತ್ತೇ ಬಿಟ್ಟುಬಿಡ್ಲಾ?"

"ಇಷ್ಟು ದಿನ ಹಚ್ಚಿ ಒಮ್ಮೆಲೇ ಬಿಟ್ರೆ ಮುಖ ಕೆಂಪಾಗಿ ಉರಿಯತ್ತಂತೆ. ಹೇಗೆ ಬಿಡಬೇಕು ಅಂತ ಡಾಕ್ಟರನ್ನೇ ಕೇಳೋಣ. ನಾಳೆ ನಾನೂ ಬರ್ತೀನಿ."

"ಮತ್ತೆ ಭಾನುವಾರ?"

ಅವಳ ಕೈಯಿಂದ ಟ್ಯೂಬ್ ತಗೊಂಡೆ.

"ಬರಲಿ. ನನ್ನ ಪೊರೆಯ ಕೆನ್ನೇನೂ ಬಿಸಿಲಿಗೆ ಹಿಡಿದು ನೋಡಲಿ. ಆಚೆಯ ಅಕ್ಷರ ಒಂದೂ ಕಾಣಲ್ಲ."